ಮೂರು ಬಣ್ಣದ ಬೆಕ್ಕು ಹೋಮ್ಸ್: ಆ ನೋಟ ಯಾರದು?

ಪ್ರಶ್ನೆ

ಜಪಾನಿನ ನಿಪ್ಪಾನ್ ಟೆಲಿವಿಷನ್ 2012ರಲ್ಲಿ ಪ್ರಸಾರ ಮಾಡಿದ ‘ಮಿಕೆನೆಕೊ ಹೋಮ್ಸ್ ನೊ ಸುಯಿರಿ’ ಎಂಬ ಪತ್ತೇದಾರಿ ಧಾರಾವಾಹಿಯನ್ನು ಈಚೆಗೆ ನೋಡಿದೆ. ಜಿರೊ ಅಕಾಗಾವಾ ಅವರು 1978ರಲ್ಲಿ ಆರಂಭಿಸಿದ ಕಾದಂಬರಿ ಮಾಲೆ ಇದಕ್ಕೆ ಆಧಾರ. ರಕ್ತ ಕಂಡರೆ ಕಂಗೆಡುವ ಪೊಲೀಸ್ ಪತ್ತೇದಾರ ಕತಾಯಾಮನ ಪಾತ್ರದಲ್ಲಿ ಮಸಾಕಿ ಐಬಾ ಅವರಂಥ ಜನಪ್ರಿಯ ನಟರಿದ್ದರೂ, ಹೋಮ್ಸ್ ಎಂಬ ಬೆಕ್ಕು ತೆರೆಯ ಮೂಲೆಯಲ್ಲಿ ಕಾಣಿಸಿಕೊಂಡ ಕೂಡಲೇ ಕಣ್ಣು ಅತ್ತ ಹೊರಳುತ್ತದೆ. ಸುಳಿವು ಹೊಳೆದಂತೆ ಕಾಣುವ ಆ ನೋಟವನ್ನು ಬೆಕ್ಕಿನಿಂದ ಹೇಗೆ ಪಡೆಯುತ್ತಾರೆ? ಸಿನಿಮಾಗಳಲ್ಲಿ ಒಂದೇ ಪಾತ್ರಕ್ಕೆ ಹಲವು ಬೆಕ್ಕುಗಳನ್ನು ಬಳಸುವುದುಂಟಂತೆ. ಮೂರು ಬಣ್ಣದ ಬೆಕ್ಕಿನ ವಿಷಯದಲ್ಲಿ ಅದು ಸಾಧ್ಯವೇ?

ಉತ್ತರ 1

ಅಪ್ಪಟ ಕಪ್ಪು ಬೆಕ್ಕಾದರೆ ಸುಮ್ಮನೆ ಕೂರಲು ಒಂದು, ಜಿಗಿಯಲು ಇನ್ನೊಂದು ಎಂದು ಬದಲಾಯಿಸಬಹುದು. ಇಲ್ಲಿ ಅದು ಬಹಳ ಕಷ್ಟ. ಬೆಕ್ಕಿನ ಕಿತ್ತಳೆ ಬಣ್ಣವನ್ನು ನಿರ್ಧರಿಸುವ ಜೀನ್ ಎಕ್ಸ್ ವರ್ಣತಂತುವಿನಲ್ಲಿದ್ದು, ಎರಡು ಎಕ್ಸ್ ಇರುವ ಹೆಣ್ಣು ಭ್ರೂಣದ ಆರಂಭದ ಹಂತದಲ್ಲಿಯೇ ಪ್ರತಿ ಜೀವಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಯಾದೃಚ್ಛಿಕವಾಗಿ ನಿಷ್ಕ್ರಿಯಗೊಳಿಸುವುದರಿಂದ ಕಪ್ಪು ಮತ್ತು ಕಿತ್ತಳೆ ಮಚ್ಚೆಗಳು ಮೂಡುತ್ತವೆ. ಇಂಥ ಬೆಕ್ಕುಗಳು ಬಹುಪಾಲು ಹೆಣ್ಣಾಗಿರುವುದಕ್ಕೂ, ಒಂದರ ಮಚ್ಚೆ ಮತ್ತೊಂದಕ್ಕೆ ಹೊಂದದಿರುವುದಕ್ಕೂ ಇದೇ ಕಾರಣ. 2001ರ ಡಿಸೆಂಬರ್‌ನಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದ ತದ್ರೂಪಿ ಬೆಕ್ಕು ಸಿಸಿಯ ಮೂಲ ಬೆಕ್ಕು ಮೂರು ಬಣ್ಣದ್ದು. ಸಿಸಿಯಲ್ಲಿ ಕಿತ್ತಳೆಯೇ ಇರಲಿಲ್ಲ! ಆದ್ದರಿಂದ ದೂರದ ಓಟಕ್ಕೆ ಬದಲಿ ಬೆಕ್ಕು ನಡೆದೀತು, ಮುಖದ ಸಮೀಪದೃಶ್ಯಕ್ಕೆ ಅದೇ ಬೆಕ್ಕು ಬೇಕು.

ಉತ್ತರ 2

ನೋಟದ ಬಗ್ಗೆ ಹೇಳುವುದಾದರೆ, ಸಾಮಾನ್ಯವಾಗಿ ತರಬೇತುದಾರರು ಕ್ಯಾಮೆರಾದ ಪಕ್ಕದಲ್ಲಿ ತಿನಿಸು ಹಿಡಿದು ಅಥವಾ ಸಣ್ಣ ಸದ್ದು ಮಾಡಿ ಬೆಕ್ಕಿನ ಗಮನ ಸೆಳೆಯುತ್ತಾರೆ. ಕಿವಿಗಳು ಸದ್ದಿನತ್ತ ತಿರುಗಿ, ಕಣ್ಣು ಒಂದೆಡೆ ನೆಟ್ಟ ಆ ಕ್ಷಣದ ಮುಂದೆ ಸಂಕಲನಕಾರರು ಬಾಗಿಲ ಚಿಲಕದ ದೃಶ್ಯವನ್ನು ಜೋಡಿಸಿದರೆ, ಬೆಕ್ಕಿಗೆ ಕೊಲೆಗಾರನ ದಾರಿ ಹೊಳೆಯಿತೆಂದು ನಾವೇ ಭಾವಿಸುತ್ತೇವೆ. ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೊವ್ ಒಬ್ಬ ನಟನ ನಿರ್ವಿಕಾರ ಮುಖದ ಪಕ್ಕದಲ್ಲಿ ಬೇರೆ ಬೇರೆ ಚಿತ್ರಿಕೆಗಳನ್ನಿಟ್ಟು ತೋರಿಸಿದ್ದೂ ಇದನ್ನೇ.

ಉತ್ತರ 3

ಎಲ್ಲ ಶ್ರೇಯಸ್ಸನ್ನೂ ಸಂಕಲನಕ್ಕೆ ಕೊಡಲು ನಾನು ಒಪ್ಪುವುದಿಲ್ಲ. ಹೋಮ್ಸ್ ಸುಳಿವಿನತ್ತ ಗಮನ ಸೆಳೆಯುತ್ತದೆಯೇ ಹೊರತು ವಿವರಣೆ ಕೊಡುವುದಿಲ್ಲ. ಅರ್ಥ ಬಿಡಿಸುವ ಹೊಣೆ ಕತಾಯಾಮನದು, ಅವನೊಂದಿಗೆ ನಮ್ಮದು ಕೂಡ. ಆ ಮೌನವೇ ಪಾತ್ರದ ಶಕ್ತಿ. ಧಾರಾವಾಹಿಯಲ್ಲಿ ಬೆಕ್ಕಿನ ಮಾನವರೂಪವಾಗಿ ಜಪಾನಿನ ಟಿವಿ ತಾರೆ ಮತ್ಸುಕೊ ಡಿಲಕ್ಸ್ ಬಂದು ಮಾತನಾಡುವ ಭಾಗಗಳು ರಂಜನೀಯವಾಗಿವೆ, ಆದರೆ ಬೆಕ್ಕು ಬಾಯಿಬಿಟ್ಟಷ್ಟೂ ನಾವು ಊಹಿಸುವುದಕ್ಕೆ ಉಳಿಯುವುದು ಕಡಿಮೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಉತ್ತರ 2ರವರಿಂದ ಮತ್ತೆ

ನಿಮ್ಮ ಮಾತು ನಿಜ. ಪ್ರಶ್ನೆ ಕೇಳಿದವರು ಇನ್ನೊಮ್ಮೆ ನೋಡುವಾಗ, ನಟನೂ ಬೆಕ್ಕೂ ಒಟ್ಟಿಗಿರುವ, ನಡುವೆ ಕತ್ತರಿಯಿಲ್ಲದ ದೃಶ್ಯಗಳನ್ನು ಗಮನಿಸಬೇಕೆಂದು ಕೋರುತ್ತೇನೆ. ಅಲ್ಲಿ ಸಂಕಲನ ಏನನ್ನೂ ಮುಚ್ಚಿಡಲಾರದು. ಬಾಲದ ತುದಿ ಪಟಪಟನೆ ಬಡಿಯುತ್ತಿದ್ದರೆ ಬೆಕ್ಕಿಗೆ ಕಿರಿಕಿರಿಯಾಗಿದೆ ಎಂದು ತಿಳಿಯಬಹುದು, ಮೈ ಸಡಿಲವಾಗಿದ್ದರೆ ಅದು ಆ ನಟರಿಗೆ ಒಗ್ಗಿಕೊಂಡಿದೆ.