ತಾತನ ಪುಟ ಅಳಿಸುತ್ತಾರಂತೆ

ಗಿರಿನಗರ ಚಿಕ್ಕಪ್ಪ, ರಾತ್ರಿ 9:12
ಎಲ್ಲರೂ ಈ ಸ್ಕ್ರೀನ್‌ಶಾಟ್ ನೋಡಿ. ಪುಟ್ಟ ಮೂರು ರಾತ್ರಿ ಕೂತು ಕನ್ನಡ ವಿಕಿಪೀಡಿಯದಲ್ಲಿ ತಾತನ ಬಗ್ಗೆ ಬರೆದ ಪುಟ ಇದು. ಯಾರೋ ಬಂದು ಮೇಲ್ಗಡೆ ಅಳಿಸಬೇಕು ಅಂತ ಚೀಟಿ ಅಂಟಿಸಿದ್ದಾರೆ. ಬಳೇಪೇಟೆಯಲ್ಲಿ ಅಷ್ಟು ವರ್ಷ ಪ್ರೆಸ್ ನಡೆಸಿದವರು, ಮಕ್ಕಳಿಗೆ ಅಂತ ನಾಲ್ಕು ನಾಟಕ ಬರೆದವರು. ಅವರಿಗೆ "ಗಮನಾರ್ಹತೆ" ಇಲ್ಲವಂತೆ, ಅಂದರೆ ಒಂದು ಪುಟಕ್ಕೆ ಯೋಗ್ಯರಲ್ಲವಂತೆ. ನನಗೆ ಊಟ ಸೇರಲಿಲ್ಲ.

ಹೆಬ್ಬಾಳದ ಅಣ್ಣ
ಏನಿದು ಅನ್ಯಾಯ. ಅವರ ಆಫೀಸು ಎಲ್ಲಿದೆ ಹೇಳಿ, ಕಂಪ್ಲೇಂಟ್ ಕೊಡೋಣ.

ನಾನು
ಅಣ್ಣ, ಆಫೀಸಿನವರು ಈ ಕೆಲಸ ಮಾಡುವುದಿಲ್ಲ. ಅಮೆರಿಕದಲ್ಲಿ ಒಂದು ಫೌಂಡೇಶನ್ ಇದೆ, ಸರ್ವರ್ ನೋಡಿಕೊಳ್ಳುತ್ತದೆ. ಯಾವ ಪುಟ ಇರಬೇಕು, ಯಾವುದು ಹೋಗಬೇಕು ಅಂತ ನೋಡುವವರು ನಮ್ಮಂಥವರೇ. ಸಂಬಳ ಇಲ್ಲ. ಕೆಲಸದಿಂದ ಬಂದು, ಮಕ್ಕಳನ್ನು ಮಲಗಿಸಿ, ಆಮೇಲೆ ಕೂತು ತಿದ್ದುವವರು. ನಾನೂ ಅವರಲ್ಲಿ ಒಬ್ಬಳು, ನಿಮಗೆಲ್ಲ ಗೊತ್ತೇ ಇದೆ.

ಗಿರಿನಗರ ಚಿಕ್ಕಪ್ಪ
ಹಾಗಾದರೆ ನೀನೇ ಆ ಚೀಟಿ ಕಿತ್ತು ಹಾಕಮ್ಮ. ಒಂದು ನಿಮಿಷದ ಕೆಲಸ ಅಲ್ವಾ?

ನಾನು
ಒಂದು ನಿಮಿಷವೂ ಬೇಡ ಚಿಕ್ಕಪ್ಪ. ಆದರೆ ಕೀಳುವುದಿಲ್ಲ. ನನ್ನ ತಾತ ಅಂತಲೇ ಕೀಳುವುದಿಲ್ಲ. ಮನೆಯವರ ಬಗ್ಗೆ ಮನೆಯವರು ತೀರ್ಪು ಕೊಡಬಾರದು, ಅಲ್ಲಿ ಅದನ್ನು ಹಿತಾಸಕ್ತಿ ಸಂಘರ್ಷ ಅನ್ನುತ್ತಾರೆ. ಚರ್ಚೆ ಪುಟದಲ್ಲಿ "ನಾನು ಇವರ ಮೊಮ್ಮಗಳು" ಅಂತ ಮೊದಲು ಹೇಳಿ, ಆಮೇಲೆ ಏನಿದ್ದರೂ ಹೇಳಬಹುದು. ಅದನ್ನು ಖಂಡಿತ ಮಾಡುತ್ತೇನೆ.

ಪುಟ್ಟ
ಅಕ್ಕ, ಚೀಟಿ ಹಾಕುವುದಕ್ಕೆ ಮುಂಚೆಯೇ ಕಾಟ ಶುರುವಾಗಿತ್ತು. ನಾನು "ಪೂಜ್ಯ ಶ್ರೀ" ಅಂತ ಬರೆದಿದ್ದೆ, ತೆಗೆದರು. ತಾತನ ಹೆಸರು ಬಂದ ಕಡೆಯೆಲ್ಲ ದಪ್ಪ ಅಕ್ಷರ ಮಾಡಿದ್ದೆ, ಅದನ್ನೂ ತೆಗೆದರು. ಮತ್ತೆ ಹಾಕಿದೆ. ಮತ್ತೆ ತೆಗೆದರು.

ನಾನು
ಪುಟದ ಇತಿಹಾಸ ಈಗ ತೆಗೆದು ನೋಡುತ್ತಿದ್ದೇನೆ. ರಾತ್ರಿ 11:40ರಿಂದ 12:25ರ ಒಳಗೆ ನೀನು ಮೂರು ಸಲ ಅವರ ತಿದ್ದುಪಡಿಯನ್ನು ವಜಾ ಮಾಡಿ ನಿನ್ನದನ್ನೇ ಮತ್ತೆ ಹಾಕಿದ್ದೀಯ. ಸಾಲುಸಾಲಾಗಿ ಸೇರಿಸಿದ್ದಕ್ಕೆ ಒಂದು ಹಸಿರು ಅಂಕಿ, ತೆಗೆದದ್ದಕ್ಕೆ ಒಂದು ಕೆಂಪು ಅಂಕಿ. ಅವರು ಪ್ರತಿ ಸಲವೂ ಯಾಕೆ ತೆಗೆದೆ ಅಂತ ಒಂದು ಸಾಲು ಬರೆದಿದ್ದಾರೆ, "ಗೌರವ ಪದ ಬೇಡ, ಶೈಲಿ ನೋಡಿ" ಅಂತ. ನೀನು ಏನೂ ಬರೆದಿಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯಲ್ಲಿ ಮೂರಕ್ಕಿಂತ ಜಾಸ್ತಿ ಸಲ ಹೀಗೆ ಮಾಡಿದರೆ ಖಾತೆಯನ್ನೇ ತಡೆಹಿಡಿಯಬಹುದು. ಇಲ್ಲಿ ಅವರು ಸುಮ್ನೆ ಕೈಬಿಟ್ಟು ಚರ್ಚೆ ಪುಟಕ್ಕೆ ಬಾ ಅಂತ ಕರೆದಿದ್ದಾರೆ. ನೀನು ಹೋಗಿಲ್ಲ.

ಗಿರಿನಗರ ಚಿಕ್ಕಪ್ಪ
ಶ್ರೀ ಅಂದರೆ ಏನು ತಪ್ಪು? ಸತ್ತವರಿಗೆ ಒಂದು ಮರ್ಯಾದೆ ಬೇಡವಾ?

ನಾನು
ಮರ್ಯಾದೆ ತೆಗೆದಿಲ್ಲ ಚಿಕ್ಕಪ್ಪ. "ಹುಟ್ಟಿದರು, ಬರೆದರು, ನಡೆಸಿದರು" ಅಂತ ಬಹುವಚನ ಹಾಗೇ ಇದೆ. ಶ್ರೀ ಒಬ್ಬರಿಗೆ ಹಾಕಿದರೆ ಪಕ್ಕದ ಪುಟದವರು ಶ್ರೀ ಶ್ರೀ ಅನ್ನುತ್ತಾರೆ, ಅದರ ಪಕ್ಕದವರು ಪರಮಪೂಜ್ಯ ಅನ್ನುತ್ತಾರೆ. ಯಾರಿಗೆ ಎಷ್ಟು ಅಂತ ಅಳೆಯುವವರು ಯಾರು? ಅದಕ್ಕೇ ಯಾರಿಗೂ ಬೇಡ. ಕುವೆಂಪು ಅವರ ಪುಟಕ್ಕೂ ಅದೇ ನಿಯಮ.

ಮಲ್ಲೇಶ್ವರದ ಅತ್ತೆ, ರಾತ್ರಿ 9:47
ಒಂದು ಮಾತು ಹೇಳಲಾ. ಅಪ್ಪನ ನಾಟಕದ ಪುಸ್ತಕ ನನ್ನ ಹತ್ತಿರ ಇದೆ. ಅವರೇ ಮೊಳೆ ಜೋಡಿಸಿ ಅಚ್ಚು ಹಾಕಿದ್ದು. ಮೊದಲನೇ ಪುಟದಲ್ಲಿ ಬರೀ ಹೆಸರು, ಕೆಳಗೆ ಬಳೇಪೇಟೆ, ಬೆಂಗಳೂರು ಅಂತ ಇದೆ, ಅಷ್ಟೇ. ಅವರು ತಮಗೆ ಶ್ರೀ ಹಾಕಿಕೊಂಡಿಲ್ಲ ಕಣೋ.

ಹೆಬ್ಬಾಳದ ಅಣ್ಣ
ಶ್ರೀ ವಿಷಯ ಬಿಡಿ. ಅಳಿಸುವುದಕ್ಕೆ ಮತ ಹಾಕುತ್ತಾರಲ್ಲ, ಈ ಗುಂಪಿನಲ್ಲಿ 34 ಜನ ಇದ್ದೇವೆ. ಎಲ್ಲರೂ ಇವತ್ತೇ ಖಾತೆ ತೆರೆದು "ಇರಲಿ" ಅಂತ ಬರೆಯೋಣ. ಮುಗಿಯಿತು.

ನಾನು
ದಯವಿಟ್ಟು ಬೇಡ ಅಣ್ಣ, ಕೈಮುಗಿಯುತ್ತೇನೆ. ಅದು ಮತ ಎಣಿಕೆ ಅಲ್ಲ. ಕೊನೆಗೆ ನೋಡುವ ನಿರ್ವಾಹಕರು, ಅಂದರೆ ಪುಟ ಅಳಿಸುವ ಅಧಿಕಾರ ಇರುವ ಸ್ವಯಂಸೇವಕರು, ಯಾರ ಕಾರಣ ಗಟ್ಟಿ ಅಂತ ನೋಡುತ್ತಾರೆ, ಎಷ್ಟು ಜನ ಅಂತಲ್ಲ. ಒಂದೇ ರಾತ್ರಿ ಹುಟ್ಟಿದ 34 ಖಾತೆಗಳು ಒಂದೇ ಮಾತು ಹೇಳಿದರೆ ಎಲ್ಲವನ್ನೂ ಪಕ್ಕಕ್ಕಿಡುತ್ತಾರೆ, ತಾತನ ಹೆಸರಿನ ಕೆಳಗೆ ಆ ಗಲಾಟೆ ಉಳಿದುಬಿಡುತ್ತದೆ. ಇಂಗ್ಲಿಷ್‌ನಲ್ಲಿ ಸಾಮಾನ್ಯವಾಗಿ ಏಳು ದಿನ ಚರ್ಚೆ ನಡೆಯುತ್ತದೆ. ಕನ್ನಡದಲ್ಲಿ ನಿಯಮಿತವಾಗಿ ಕೆಲಸ ಮಾಡುವವರು ತುಂಬಾ ಕಡಿಮೆ, 30 ಸಾವಿರಕ್ಕಿಂತ ಜಾಸ್ತಿ ಪುಟಗಳನ್ನು ಆ ಕೆಲವೇ ಜನ ನೋಡಿಕೊಳ್ಳಬೇಕು.

ಗಿರಿನಗರ ಚಿಕ್ಕಪ್ಪ
ಇಷ್ಟೆಲ್ಲ ನಿಯಮ ಮಾತಾಡುವವರು ನಮ್ಮ ಊರಿನ ಹೆಸರನ್ನೇ ಸರಿಯಾಗಿ ಬರೆದಿರಲಿಲ್ಲ. 2014ರ ನವೆಂಬರ್ 1ಕ್ಕೆ ಸರ್ಕಾರವೇ ಬೆಂಗಳೂರು ಅಂತ ಮಾಡಿತು. ಆದರೂ ಇಂಗ್ಲಿಷ್ ವಿಕಿಪೀಡಿಯದಲ್ಲಿ ವರ್ಷಗಟ್ಟಲೆ ಬ್ಯಾಂಗಲೋರ್ ಅಂತಲೇ ಇತ್ತು. ಊರಿನ ಪುಟದ ಮೊದಲ ಸಾಲಿನಲ್ಲಿ ಕನ್ನಡ ಅಕ್ಷರದಲ್ಲಿ ಹೆಸರು ಹಾಕಿದರೂ ತೆಗೆಯುತ್ತಾರೆ. ಇವರನ್ನು ನಂಬುವುದಾ?

ನಾನು
ಅದು ನನಗೂ ನೋವಿನ ವಿಷಯವೇ. ಹೆಸರಿನ ವಿಷಯದಲ್ಲಿ ಅವರು ಸರ್ಕಾರದ ಆದೇಶ ನೋಡುವುದಿಲ್ಲ, ಇಂಗ್ಲಿಷ್ ಬರಹಗಳಲ್ಲಿ ಯಾವುದು ಜಾಸ್ತಿ ಬಳಕೆಯಲ್ಲಿದೆ ಅಂತ ನೋಡುತ್ತಾರೆ. ಲಿಪಿಯ ನಿಯಮಕ್ಕೂ ಕಾರಣ ಇದೆ. ಗಡಿ ಊರಿನ ಪುಟದಲ್ಲಿ ಕನ್ನಡ ಮೊದಲಾ ಮರಾಠಿ ಮೊದಲಾ ಅಂತ ದಿನಾ ಒಬ್ಬರು ಹಾಕುವುದು, ಇನ್ನೊಬ್ಬರು ತೆಗೆಯುವುದು. ಬರೆದದ್ದು ಸರಿಯಾ ಅಂತ ಓದಿ ಹೇಳುವವರೂ ಎಲ್ಲ ಕಡೆ ಸಿಗುವುದಿಲ್ಲ. ಕೊನೆಗೆ ಭಾರತದ ಪುಟಗಳ ಮೊದಲ ಭಾಗದಲ್ಲಿ ಯಾವ ಭಾರತೀಯ ಲಿಪಿಯೂ ಬೇಡ ಅಂತ ತೀರ್ಮಾನಿಸಿದರು. ನನಗೆ ಅದು ಇಷ್ಟವಿಲ್ಲ. ಆದರೆ ಜಗಳ ನಡೆದದ್ದು, ಯಾರು ಏನು ಹೇಳಿದರು ಅನ್ನುವುದೆಲ್ಲ ಇವತ್ತಿಗೂ ಯಾರು ಬೇಕಾದರೂ ಓದಬಹುದು. ಮುಚ್ಚಿದ ಬಾಗಿಲ ಹಿಂದೆ ಆದದ್ದಲ್ಲ. ನಮ್ಮ ಕನ್ನಡದಲ್ಲಿ ಆ ಚರ್ಚೆ ಜಾಗಕ್ಕೆ ಹೆಸರೇ ಅರಳಿ ಕಟ್ಟೆ.

ಪುಟ್ಟ
ಅಕ್ಕ, ಡೋನಾ ಸ್ಟ್ರಿಕ್‌ಲ್ಯಾಂಡ್ ವಿಷಯ ಗೊತ್ತಾ? ನಮ್ಮ ಲೆಕ್ಚರರ್ ಹೇಳಿದರು. 2018ರ ಅಕ್ಟೋಬರ್‌ನಲ್ಲಿ ಲೇಸರ್ ಕೆಲಸಕ್ಕೆ ಭೌತಶಾಸ್ತ್ರದ ನೊಬೆಲ್ ಬಂದಾಗ ಅವರ ಬಗ್ಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಪುಟವೂ ಇರಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಯಾರೋ ಬರೆದ ಕರಡನ್ನು ಆಧಾರ ಸಾಲದು ಅಂತ ವಾಪಸ್ ಕಳಿಸಿದ್ದರಂತೆ. ತಾತನಿಗೂ ಹಾಗೇ ಆಗುತ್ತಿಲ್ವಾ?

ನಾನು, ರಾತ್ರಿ 10:20
ಇದು ಒಳ್ಳೆ ಪ್ರಶ್ನೆ ಪುಟ್ಟ. ಅದು ತಪ್ಪೇ. ಅವರು 2013ರಲ್ಲೇ ಬೆಳಕಿನ ವಿಜ್ಞಾನಿಗಳ ಸಂಘವಾದ ಅಮೆರಿಕದ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷೆ ಆಗಿದ್ದವರು. ಹುಡುಕಿದ್ದರೆ ಆಧಾರ ಸಿಗುತ್ತಿತ್ತು. ಆಗ ಇಂಗ್ಲಿಷ್ ವಿಕಿಪೀಡಿಯದ ಜೀವನಚರಿತ್ರೆಗಳಲ್ಲಿ ಹೆಂಗಸರದ್ದು ಐದರಲ್ಲಿ ಒಂದು ಭಾಗವೂ ಇರಲಿಲ್ಲ. ಅಳಿಸಿ ಅನ್ನುವ ಮೊದಲು ನಾನು ಹತ್ತು ಕಡೆ ಹುಡುಕುವುದು ಅದಕ್ಕೇ.

ಆದರೆ ಇನ್ನೊಂದು ಕಥೆಯೂ ಕೇಳು. 2005ರಲ್ಲಿ ಜಾನ್ ಸೀಗೆಂಥಾಲರ್ ಅನ್ನುವ ಅಮೆರಿಕದ ಪತ್ರಕರ್ತರ ಪುಟದಲ್ಲಿ ಯಾರೋ ತಮಾಷೆಗೆ ಅಂತ, ಇವರು ಕೆನಡಿ ಕೊಲೆಯಲ್ಲಿ ಭಾಗಿ ಅಂತ ಅನುಮಾನ ಇತ್ತು ಅಂತ ಬರೆದುಬಿಟ್ಟರು. ನಾಲ್ಕು ತಿಂಗಳು ಯಾರೂ ಗಮನಿಸಲಿಲ್ಲ. ಆಧಾರ ಎಲ್ಲಿ ಅಂತ ಯಾರೂ ಕೇಳದಿದ್ದರೆ ಹೀಗೇ ಆಗುವುದು. ತಾತನ ಪುಟಕ್ಕೆ ಬಂದು "ಆಧಾರ ಕೊಡಿ" ಅಂದವರು ಅದೇ ಕೆಲಸ ಮಾಡಿದ್ದಾರೆ. ತಾತ ದೊಡ್ಡವರಲ್ಲ ಅಂತ ಅವರು ಹೇಳಿಲ್ಲ. ಮನೆಯವರಲ್ಲದ ಯಾರಾದರೂ, ಅಚ್ಚಾದ ಕಡೆ, ಇವರ ಬಗ್ಗೆ ವಿವರವಾಗಿ ಬರೆದಿದ್ದಾರಾ ಅಂತ ಕೇಳಿದ್ದಾರೆ. ನಾವು ಕೊಟ್ಟಿದ್ದು ಒಂದೇ ಒಂದು, ತಾತನ ನೂರನೇ ವರ್ಷಕ್ಕೆ ನಾವೇ ಮಾಡಿಸಿದ ಸ್ಮರಣ ಸಂಚಿಕೆ. ಅದರಿಂದಲೂ ಎರಡು ಪ್ಯಾರಾ ಹಾಗೇ ಎತ್ತಿ ಹಾಕಿದ್ದೀಯ, ಅದು ಕಾಪಿರೈಟ್ ತೊಂದರೆ, ಅದನ್ನು ಇವತ್ತು ರಾತ್ರಿಯೇ ತೆಗೆ.

ಗಿರಿನಗರ ಚಿಕ್ಕಪ್ಪ
ನಾವು ಸುಳ್ಳು ಬರೆಯುತ್ತೇವಾ?

ನಾನು
ಇಲ್ಲ ಚಿಕ್ಕಪ್ಪ. ಆದರೆ ಓದುವ ಹುಡುಗಿ ಯಾವುದೋ ಊರಲ್ಲಿ ಇರುತ್ತಾಳೆ, ಅವಳಿಗೆ ನಾವು ಯಾರು ಅಂತ ಗೊತ್ತಿಲ್ಲ. ನಮ್ಮ ಪ್ರೀತಿಯನ್ನು ಅವಳು ಪರೀಕ್ಷೆ ಮಾಡಿ ನೋಡುವುದಕ್ಕೆ ಆಗುವುದಿಲ್ಲ. ಅಚ್ಚಾದದ್ದನ್ನು ಹುಡುಕಿ ನೋಡಬಹುದು. ತಾತ ಪ್ರೂಫ್ ನೋಡುವಾಗ ಮೂಲ ಪ್ರತಿ ಪಕ್ಕದಲ್ಲಿ ಇಟ್ಟುಕೊಳ್ಳದೆ ಒಂದು ಅಕ್ಷರವನ್ನೂ ಬಿಡುತ್ತಿರಲಿಲ್ಲ ಅಂತ ನೀವೇ ಹೇಳುತ್ತಿದ್ದಿರಲ್ಲ. ಬೇರೆಯವರು ಬರೆದದ್ದು ಎರಡು ಮೂರು ಸಿಕ್ಕರೆ ನಾನು ಜೀವ ಬಿಟ್ಟು ವಾದ ಮಾಡುತ್ತೇನೆ. ಏನೂ ಸಿಗದಿದ್ದರೆ ಪುಟ ಹೋಗಲಿ ಅಂತ ನಾನೇ ಹೇಳುತ್ತೇನೆ. ಇದನ್ನು ಬರೆಯುವಾಗ ನನಗೆ ಕಣ್ಣು ತುಂಬುತ್ತಿದೆ, ಆದರೂ ಹೇಳುತ್ತೇನೆ.

ಮಲ್ಲೇಶ್ವರದ ಅತ್ತೆ, ರಾತ್ರಿ 10:58
ಟ್ರಂಕು ತೆಗೆದೆ. ಪುಸ್ತಕದ ಒಳಗೆ ಒಂದು ಕಟಿಂಗ್ ಇತ್ತು. ಫೋಟೋ ಹಾಕಿದ್ದೇನೆ. ಎರಡನೇ ನಾಟಕದ ವಿಮರ್ಶೆ, ಒಂದು ಕಾಲಂ ಪೂರ್ತಿ ಇದೆ. ಅಂಚಿನಲ್ಲಿ ಅಪ್ಪ ಇಂಕ್ ಪೆನ್ನಿನಲ್ಲಿ 12-10-58 ಅಂತ ಬರೆದಿದ್ದಾರೆ. ಪತ್ರಿಕೆಯ ಹೆಸರು ಕತ್ತರಿಸಿ ಹೋಗಿದೆ.

ನಾನು
ಅತ್ತೆ, ಅದನ್ನು ತಿರುಗಿಸಿ. ಹಿಂದುಗಡೆ ಏನಿದೆ?

ಮಲ್ಲೇಶ್ವರದ ಅತ್ತೆ
ಅರ್ಧ ಪದಬಂಧ. ಕೆಳಗೆ 31 ಅಂತ ಪುಟದ ಸಂಖ್ಯೆ. ಒಂದು ಹಲ್ಲುಪುಡಿ ಜಾಹೀರಾತು.

ನಾನು
ಇದು ಸಾಕು ಹುಡುಕುವುದಕ್ಕೆ! ಪದಬಂಧ ಹಾಕುತ್ತಿದ್ದ ವಾರಪತ್ರಿಕೆ, 1958ರ ಅಕ್ಟೋಬರ್, ವಿಮರ್ಶೆ 31ರ ಹಿಂದಿನ ಅಥವಾ ಮುಂದಿನ ಪುಟದಲ್ಲಿ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಗ್ರಂಥಾಲಯದಲ್ಲಿ ಕೇಳೋಣ, ಅಲ್ಲಿ ಸಿಗದಿದ್ದರೆ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನಲ್ಲಿ ವಿಚಾರಿಸೋಣ. ಕಟಿಂಗ್ ಅನ್ನು ಮಡಿಸಬೇಡಿ, ಎರಡು ಬಿಳಿ ಹಾಳೆಯ ನಡುವೆ ಇಡಿ.

ಪುಟ್ಟ, ಪುಟ ಅಳಿಸಿದರೂ ನಿರ್ವಾಹಕರು ವಾಪಸ್ ತರಬಹುದು, ಬರೆದದ್ದು ಮಣ್ಣುಪಾಲಾಗುವುದಿಲ್ಲ. ನೀನು ಈಗ ಚರ್ಚೆ ಪುಟಕ್ಕೆ ಹೋಗಿ, ಮೊಮ್ಮಗ ಅಂತ ಹೇಳಿ, ಆಧಾರ ಹುಡುಕುತ್ತಿದ್ದೇವೆ, ಅಲ್ಲಿಯವರೆಗೆ ಪುಟವನ್ನು ನಿನ್ನ ಪ್ರಯೋಗಪುಟಕ್ಕೆ, ಅಂದರೆ ನಿನ್ನ ಖಾತೆಯ ಕರಡು ಜಾಗಕ್ಕೆ, ಸಾಗಿಸಿ ಅಂತ ಕೇಳಿಕೋ. ಹೋದ ವಾರ ವಜಾ ಮಾಡಿದ್ದಕ್ಕೆ ಕ್ಷಮೆಯನ್ನೂ ಕೇಳು.

ಇನ್ನೊಂದು ವಿಷಯ, ದೊಡ್ಡವರು ಮನಸ್ಸು ಮಾಡಬೇಕು. ತಾತ ತೀರಿಕೊಂಡಿದ್ದು 1981ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರು ಹೋದ ಮೇಲೆ 60 ವರ್ಷ ಹಕ್ಕು ಇರುತ್ತದೆ, ಅಂದರೆ 2041ರ ಕೊನೆಯವರೆಗೆ. ಅಷ್ಟು ದಿನ ಕಾಯುವುದು ಬೇಡ. ವಾರಸುದಾರರೆಲ್ಲ ಒಪ್ಪಿ ಬರೆದುಕೊಟ್ಟರೆ ನಾಲ್ಕೂ ನಾಟಕಗಳನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟು, ಪುಸ್ತಕಗಳನ್ನು ಪೂರ್ತಿ ಓದಲು ಇಡುವ ಕನ್ನಡ ವಿಕಿಸೋರ್ಸ್‌ನಲ್ಲಿ ಹಾಕುವ ದಾರಿ ನೋಡಬಹುದು. ಯಾವ ಶಾಲೆಯವರು ಬೇಕಾದರೂ ಆಡಬಹುದು. ಪುಟ ಉಳಿದರೂ ಹೋದರೂ ಇದನ್ನು ಮಾಡೋಣ.

ಹೆಬ್ಬಾಳದ ಅಣ್ಣ
ಸಹಿ ಎಲ್ಲಿ ಹಾಕಬೇಕು ಹೇಳು. ಅಮ್ಮನ ಹತ್ತಿರ ನಾನೇ ಹಾಕಿಸುತ್ತೇನೆ.

ಪುಟ್ಟ, ರಾತ್ರಿ 11:31
ಚರ್ಚೆ ಪುಟದಲ್ಲಿ ಬರೆದೆ. ಆ ಎರಡು ಪ್ಯಾರಾ ತೆಗೆದೆ. ಅವರು ಆಗಲೇ ಉತ್ತರ ಕೊಟ್ಟರು ಅಕ್ಕ. "ನಾಟಕದ ಮುಖಪುಟದ ಫೋಟೋ ಇದೆಯಾ?" ಅಂತ ಕೇಳಿದ್ದಾರೆ.

ಗಿರಿನಗರ ಚಿಕ್ಕಪ್ಪ, ರಾತ್ರಿ 11:44
ಶ್ರೀ ಇಲ್ಲದೆ ಓದುವುದಕ್ಕೆ ನನಗೆ ಈಗಲೂ ಕಷ್ಟವೇ. ಶನಿವಾರ ಕಬ್ಬನ್ ಪಾರ್ಕಿಗೆ ನಾನೂ ಬರುತ್ತೇನೆ. ಗ್ರಂಥಾಲಯ ಎಷ್ಟು ಗಂಟೆಗೆ ತೆಗೆಯುತ್ತಾರೆ ನೋಡಿ ಹೇಳಮ್ಮ. ಕನ್ನಡಕ ಎರಡೂ ತರುತ್ತೇನೆ.