ಮೈಸೂರು–ಹುಬ್ಬಳ್ಳಿ ವಿಮಾನ: 387 ಕಿ.ಮೀ.ಗೆ ಒಂದೂಕಾಲು ಗಂಟೆ ಯಾಕೆ?

ಸಕ್ಕರೆನಾಡು: ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿಗೆ ಗಾಳಿದೂರ 387 ಕಿ.ಮೀ., ಹಾರಾಟ 59 ನಿಮಿಷ ಅಂತ ಒಂದು ಸೈಟ್ ಹೇಳುತ್ತೆ. ಎಟಿಆರ್ (ಫ್ಯಾನಿನ ಚಿಕ್ಕ ವಿಮಾನ) ಆದ್ರೆ ಒಂದೂಕಾಲು ಗಂಟೆ ಹಿಡೀರಿ ಅಂತಾರೆ ತಿಳಿದವರು. ನಾನೇ ಲೆಕ್ಕ ಹಾಕಿದ್ರೆ 371 ಬರ್ತಿದೆ. ಹಾಕಿದ ಅಕ್ಷಾಂಶ, ರೇಖಾಂಶ: ಮೈಸೂರು 12.1348, 76.3921, ಹುಬ್ಬಳ್ಳಿ 15.2142, 75.0506. ಎಲ್ಲಿ ತಪ್ಪಿದೆ?

ರೇಖಾಂಶ: ಚುಕ್ಕಿಯಲ್ಲೇ ತಪ್ಪಿರೋದು. ಮೈಸೂರಿನದು 12 ಡಿಗ್ರಿ 13 ನಿಮಿಷ 48 ಸೆಕೆಂಡು. ಅದನ್ನ ಹಾಗೇ 12.1348 ಅಂತ ಬರೆದಿದ್ದೀರಿ. ನಿಮಿಷವನ್ನ 60ರಿಂದ, ಸೆಕೆಂಡನ್ನ 3600ರಿಂದ ಭಾಗಿಸಿ ಕೂಡಿಸಬೇಕು, ಆಗ 12.230 ಆಗುತ್ತೆ. ಹೀಗೇ ಮಾಡಿದ್ರೆ ಮೈಸೂರು 12.230, 76.656, ಹುಬ್ಬಳ್ಳಿ 15.362, 75.085.

ಈಗ ಡಿಗ್ರಿಗೆ 111 ಕಿ.ಮೀ. ಅಂತ ಹಿಡಿದ್ರೆ ಉತ್ತರ-ದಕ್ಷಿಣ ವ್ಯತ್ಯಾಸ 3.132 × 111 = 348 ಕಿ.ಮೀ. ಪೂರ್ವ-ಪಶ್ಚಿಮ 1.571 × 111, ಅದಕ್ಕೆ ಮತ್ತೆ 0.971 ಗುಣಿಸಿ (ನಡುವಿನ ಅಕ್ಷಾಂಶ 13.8ರ ಕೊಸೈನ್): 169. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದ್ರೆ 387. ಪೈಲಟ್‌ಗಳ ಲೆಕ್ಕದಲ್ಲಿ 209 ನಾಟಿಕಲ್ ಮೈಲಿ. ಇಷ್ಟು ಹತ್ತಿರದ ಊರುಗಳಿಗೆ ಈ ಲೆಕ್ಕ ಸಾಕು, ಗೋಳದ ಸೂತ್ರ ಬೇಕಿಲ್ಲ.

ರನ್‌ವೇ 27: ದೂರ ಸರಿಹೋಯ್ತು, ಟೈಮಿಗೆ ಬರೋಣ. ಆ 59 ನಿಮಿಷ ಜೆಟ್ ಲೆಕ್ಕ: ಗಂಟೆಗೆ 805 ಕಿ.ಮೀ. ಅಂತ 29 ನಿಮಿಷ, ಮೇಲೆ ಏರಿಳಿಯೋಕೆ ಅಂತ ಕಣ್ಣುಮುಚ್ಚಿ 30. ಮಂಡಕಳ್ಳಿ ರನ್‌ವೇ 1,740 ಮೀಟರ್. ಊರು ಬೇರೆ ಸಮುದ್ರಮಟ್ಟದಿಂದ 700 ಮೀಟರ್‌ಗೂ ಎತ್ತರದಲ್ಲಿದೆ, ತೆಳು ಗಾಳಿಯಲ್ಲಿ ಏಳೋಕೆ ಓಟ ಜಾಸ್ತಿ ಬೇಕು. ಏರ್‌ಬಸ್ 320, ಬೋಯಿಂಗ್ 737ರಂಥವು ಪೂರ್ತಿ ಭಾರ ಹೊತ್ತು ಅಲ್ಲಿಂದ ಏಳೋದು ಕಷ್ಟ. ಅದಕ್ಕೇ ಇಲ್ಲಿಗೆ ಎಟಿಆರ್ 72.

ಅದರ ಓಟ ಗಂಟೆಗೆ ಸುಮಾರು 500 ಕಿ.ಮೀ., ಅಂದ್ರೆ 46 ನಿಮಿಷ. ಏರುವಾಗ, ಇಳಿಯುವಾಗ ಆ ವೇಗ ಇರಲ್ಲ, ಹತ್ತು-ಹನ್ನೆರಡು ಸೇರಿಸಿ. ಎರಡೂ ಕಡೆ ಟ್ಯಾಕ್ಸಿಗೆ, ಅಂದ್ರೆ ವಿಮಾನ ನೆಲದ ಮೇಲೆ ಓಡಾಡೋಕೆ, ಹತ್ತು. 70ರ ಹತ್ತಿರ ಬಂತಲ್ಲ, ಮಿಕ್ಕಿದ್ದು ಕಂಪನಿಯವರು ಇಟ್ಟುಕೊಳ್ಳೋ ಕೈಸಡಿಲ. ಟಿಕೆಟ್‌ನಲ್ಲಿರೋ ಸಮಯ ಚಕ್ರ ಕದಲಿದಾಗಿನಿಂದ ನಿಲ್ಲೋವರೆಗಿನದು, ಬರೀ ಆಕಾಶದಲ್ಲಿರೋದಲ್ಲ.

ಇನ್ನೊಂದು, ಹುಬ್ಬಳ್ಳಿ ಇಲ್ಲಿಂದ ವಾಯವ್ಯಕ್ಕೆ. ವಿಮಾನ ಏಳೋದು ಗಾಳಿಗೆ ಎದುರಾಗಿ. ಮುಂಗಾರಲ್ಲಿ ಪಡುವಣ ಗಾಳಿ, ಪಶ್ಚಿಮಕ್ಕೆ ಎದ್ದು ಬಲಕ್ಕೆ ತಿರುಗಿದ್ರೆ ಮುಗೀತು. ಪೂರ್ವಕ್ಕೆ ಏಳೋ ದಿನ ಹಿಂದಕ್ಕೆ ಸುತ್ತಿ ಬರಬೇಕು, ಎರಡು-ಮೂರು ನಿಮಿಷ ಹೋಯ್ತು.

ಸಕ್ಕರೆನಾಡು: ಸರಿ ಅಣ್ಣ, ತಿಳೀತು. ಮಂಡ್ಯದಿಂದ ಎಷ್ಟು ಹೊತ್ತು ಮುಂಚೆ ಹೊರಡಬೇಕು?

ನಂಜನಗೂಡು ರಸ್ತೆ: ಎರಡೂಮುಕ್ಕಾಲು ಗಂಟೆ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮುಂಚೆ ಮುಚ್ಚುತ್ತೆ. ಮೈಸೂರಿಗೆ 45 ಕಿ.ಮೀ., ಆಮೇಲೆ ಊರೊಳಗೆ ನುಗ್ಗದೆ ರಿಂಗ್ ರಸ್ತೆ ಹಿಡಿದು ನಂಜನಗೂಡು ರಸ್ತೆಗೆ ಬನ್ನಿ. ಹೆದ್ದಾರಿ ಬೇಗ ಮುಗಿಯುತ್ತೆ, ಹೊತ್ತು ತಿನ್ನೋದು ರಿಂಗ್ ರಸ್ತೆ ಸಿಗ್ನಲ್‌ಗಳು. ನೇರ ವಿಮಾನ ಇದೆಯಾ ಅಂತ ಮೊದಲು ನೋಡಿ. ಮಾರ್ಚ್, ಅಕ್ಟೋಬರ್ ಕೊನೆಗೆ ವೇಳಾಪಟ್ಟಿ ಬದಲಾಗುತ್ತೆ. ಇಲ್ದಿದ್ರೆ ಬೆಂಗಳೂರಿಂದ ಹೋಗಬೇಕು.

ಬೇಗ ಇಳೀಬೇಕಂದ್ರೆ ಹಿಂದಿನ ಸೀಟು ಹಿಡೀರಿ. ಎಟಿಆರ್‌ಗೆ ಹತ್ತೋ ಬಾಗಿಲು ಬಾಲದ ಕಡೆ.