ಮಹಾರಾಷ್ಟ್ರದಲ್ಲಿ ಕೆಲಸದವರ ಪಗಾರದ ಮೇಲಿನ ವೃತ್ತಿ ತೆರಿಗೆ: ನೋಂದಣಿ ಮಾಡಿಸಿದವರು ಅನುಭವ ಹೇಳಿ

ಕೇಳುತ್ತಿರುವುದು: ಅಕ್ಕಲಕೋಟೆ ತಾಲೂಕಿನಿಂದ

ಎಲ್ಲರಿಗೂ ನಮಸ್ಕಾರ. ನಾನು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿಸಿ ಸೊಲ್ಲಾಪುರದ ಅಂಗಡಿಗಳಿಗೆ ಕೊಡುತ್ತೇನೆ. ವ್ಯಾಪಾರ ನನ್ನ ಹೆಸರಿನಲ್ಲೇ ಇದೆ. ರೊಟ್ಟಿ ಬಡಿಯಲು ನಾಲ್ಕು ಜನ ಹೆಣ್ಣುಮಕ್ಕಳು, ತಿಂಗಳಿಗೆ 9,000 ಕೊಡುತ್ತೇನೆ. ಟೆಂಪೋ ಹೊಡೆಯುವವನಿಗೆ 12,000, ಪ್ಯಾಕಿಂಗ್ ಮತ್ತು ಲೆಕ್ಕ ನೋಡುವ ಹುಡುಗನಿಗೆ 9,500. ಜೂನ್‌ನಿಂದ ಅಕ್ಟೋಬರ್‌ವರೆಗೆ ಐದು ತಿಂಗಳ ಪಗಾರ ಕೊಟ್ಟಾಗಿದೆ. ಮೊನ್ನೆ ಸಾಲ ಕೇಳಲು ಹೋದಾಗ 'ಪಿಟಿಆರ್‌ಸಿ ಇದೆಯಾ' ಅಂದರು. ಏನದು ಅಂತ ವಿಚಾರಿಸಿದರೆ ಮರಾಠಿಯಲ್ಲಿ 'ವ್ಯವಸಾಯ ಕರ' ಅಂದರು. ಮನೆಯಲ್ಲಿ ಮಾವ ಅದನ್ನು ಹೊಲದ ತೆರಿಗೆ ಅಂತ ತಿಳಿದು ಹೊಲದ ಉತಾರಾ (ಪಹಣಿ) ಹುಡುಕಿ ಕೊಟ್ಟರು. ವಿಜಯಪುರದಲ್ಲಿರುವ ನನ್ನ ಅಣ್ಣ 25,000ದ ಒಳಗಿನ ಪಗಾರಕ್ಕೆ ಏನೂ ಇಲ್ಲ ಅನ್ನುತ್ತಾನೆ. ಯಾರ ಮಾತು ಸರಿ? ಎಲ್ಲಿಂದ ಶುರು ಮಾಡಬೇಕು? ತಡ ಆಗಿದ್ದಕ್ಕೆ ಬಹಳ ದಂಡ ಬೀಳುತ್ತದಾ?

ಅಕ್ಕಲಕೋಟೆ, ಹಾರ್ಡ್‌ವೇರ್ ಅಂಗಡಿ

ಅಕ್ಕಾರೆ, ಮರಾಠಿಯಲ್ಲಿ ವ್ಯವಸಾಯ ಅಂದರೆ ವೃತ್ತಿ, ಹೊಲಕ್ಕೂ ಇದಕ್ಕೂ ಸಂಬಂಧವಿಲ್ಲ. ನಿಮ್ಮ ಅಣ್ಣ ಹೇಳಿದ್ದು ಕರ್ನಾಟಕದ ಲೆಕ್ಕ. ಅಲ್ಲಿ 2023ರ ಏಪ್ರಿಲ್‌ನಿಂದ 25,000ದ ಒಳಗಿನವರಿಗೆ ಇಲ್ಲ, ಅದು ನಿಜ. ಆದರೆ ನಿಮ್ಮ ಅಂಗಡಿ ಇರುವುದು ಮಹಾರಾಷ್ಟ್ರದಲ್ಲಿ. ಇಲ್ಲಿ ಗಂಡಸರಿಗೆ 7,500ರವರೆಗೆ ಮಾತ್ರ ಮಾಫಿ. 7,501ರಿಂದ 10,000ದವರೆಗೆ ತಿಂಗಳಿಗೆ 175, ಅದಕ್ಕೂ ಮೇಲೆ 200. ಈ 200ರವರಿಗೆ ಫೆಬ್ರುವರಿಯಲ್ಲಿ ಮಾತ್ರ 300. ಯಾಕೆಂದರೆ ಸಂವಿಧಾನದ 276ನೇ ವಿಧಿ ಒಬ್ಬರಿಂದ ವರ್ಷಕ್ಕೆ 2,500ಕ್ಕಿಂತ ಜಾಸ್ತಿ ತೆಗೆದುಕೊಳ್ಳಬಾರದು ಅನ್ನುತ್ತದೆ. ಹನ್ನೊಂದು ತಿಂಗಳು 200, ಒಂದು ತಿಂಗಳು 300, ಕೂಡಿಸಿ ನೋಡಿ, ಸರಿಯಾಗಿ 2,500 ಆಗುತ್ತದೆ. ಹೆಂಗಸರಿಗೆ ಇಲ್ಲೂ 2023ರ ಏಪ್ರಿಲ್‌ನಿಂದ 25,000ದವರೆಗೆ ಮಾಫಿ ಇದೆ. ಹಾಗಾಗಿ ರೊಟ್ಟಿ ಬಡಿಯುವ ನಾಲ್ವರ ಪಗಾರಕ್ಕೆ ಕೈ ಹಾಕಬೇಡಿ. ಟೆಂಪೋದವನದು ವರ್ಷಕ್ಕೆ 2,500, ಹುಡುಗನದು 2,100. ಇಷ್ಟೇ.

ಕಾಗದ ಎರಡು ಇವೆ, ಇಲ್ಲೇ ಎಲ್ಲರೂ ತಪ್ಪುವುದು. ಪಿಟಿಇಸಿ ಅಂದರೆ ಮಾಲೀಕರಾಗಿ ನೀವು ನಿಮಗಾಗಿ ಕಟ್ಟುವುದು, ವರ್ಷಕ್ಕೆ 2,500, ಜೂನ್ 30ರ ಒಳಗೆ. ಹೆಂಗಸರಿಗೆ ಇರುವ ಮಾಫಿ ಪಗಾರಕ್ಕೆ ಮಾತ್ರ, ಮಾಲೀಕರಾದ ನಿಮಗೆ ಅದು ಸಿಗುವುದಿಲ್ಲ. ಪಿಟಿಆರ್‌ಸಿ ಅಂದರೆ ಕೆಲಸದವರ ಪಗಾರದಲ್ಲಿ ಹಿಡಿದು ಸರ್ಕಾರಕ್ಕೆ ತುಂಬುವ ನೋಂದಣಿ. ನಂಬರಿನಲ್ಲೂ ಗೊತ್ತಾಗುತ್ತದೆ, ಪಿಟಿಇಸಿ 99ರಿಂದ ಶುರುವಾಗುತ್ತದೆ, ಪಿಟಿಆರ್‌ಸಿ 27ರಿಂದ.

ನಾನು ಮೂರು ವರ್ಷ ಪಿಟಿಇಸಿ ಒಂದನ್ನೇ ಇಟ್ಟುಕೊಂಡು ಎಲ್ಲ ಆಯಿತು ಅಂತ ನೆಮ್ಮದಿಯಾಗಿದ್ದೆ. ಮಾಡಿಕೊಟ್ಟವರೂ ಏನೂ ಹೇಳಿರಲಿಲ್ಲ. ಆಮೇಲೆ ನೋಟಿಸು ಬಂತು. ಅಷ್ಟರಲ್ಲಿ ಇಬ್ಬರು ಹುಡುಗರು ಕೆಲಸ ಬಿಟ್ಟು ಪುಣೆಗೆ ಹೋಗಿದ್ದರು, ಅವರ ಹತ್ತಿರ ಹೋಗಿ ಹಳೆಯ ಬಾಕಿ ಕೊಡಿ ಅಂತ ಯಾವ ಬಾಯಿಂದ ಕೇಳಲಿ? ಹಿಡಿದಿರಲಿ, ಬಿಟ್ಟಿರಲಿ, ಕಟ್ಟುವ ಹೊಣೆ ಮಾಲೀಕನದು. ಎಲ್ಲ ನನ್ನ ಕೈಯಿಂದ ಹೋಯಿತು, ಮೇಲೆ ಬಡ್ಡಿ. ನಿಮ್ಮದು ಐದೇ ತಿಂಗಳು, ಇಬ್ಬರದು ಸೇರಿ 1,875. ಈಗಲೇ ಮುಗಿಸಿಬಿಡಿ. ನೋಂದಣಿಗೆ 30 ದಿನದ ಗಡುವು ಇತ್ತು, ಅದು ದಾಟಿದೆ. ಹಾಗಂತ ಅರ್ಜಿಯಲ್ಲಿ ಕೆಲಸದವರು ಸೇರಿದ ತಾರೀಕನ್ನು ಮುಂದಕ್ಕೆ ಹಾಕಬೇಡಿ. ಬ್ಯಾಂಕಿನಲ್ಲಿ ಪಗಾರದ ದಾಖಲೆ ಜೂನ್‌ನಿಂದಲೇ ಇರುತ್ತದೆ ಅಲ್ವಾ.

ಇನ್ನೊಂದು ಮಾತು. ನಮ್ಮ ತಂದೆ 1972ರ ಬರದಲ್ಲಿ ರಸ್ತೆಗೆ ಕಲ್ಲು ಒಡೆದು ನಮ್ಮನ್ನು ಸಾಕಿದವರು. ಅಂಥ ಕೆಲಸ ಕೊಡುವ ರೋಜಗಾರ ಹಮೀ ಯೋಜನೆಗೆ ದುಡ್ಡು ಬೇಕು ಅಂತಲೇ 1975ರಲ್ಲಿ ಮಹಾರಾಷ್ಟ್ರ ಈ ತೆರಿಗೆಯ ಕಾಯ್ದೆ ಮಾಡಿತು. ಅದು ಗೊತ್ತಾದ ಮೇಲೆ ತುಂಬುವಾಗ ನನಗೆ ಬೇಜಾರಾಗುವುದಿಲ್ಲ.

ಸೊಲ್ಲಾಪುರ, ಟವೆಲ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವಳು

ಹಾರ್ಡ್‌ವೇರ್ ಅಂಗಡಿಯ ಅಣ್ಣನವರು ಹೇಳಿದ್ದು ಸರಿ ಇದೆ. ಅರ್ಜಿ ಹಾಕುವ ಬಗ್ಗೆ ನಾನು ಹೇಳುತ್ತೇನೆ. ಎಲ್ಲ ಮಹಾರಾಷ್ಟ್ರ ಜಿಎಸ್‌ಟಿ ಇಲಾಖೆಯ ಮಹಾಜಿಎಸ್‌ಟಿ ಪೋರ್ಟಲ್‌ನಲ್ಲೇ ಆಗುತ್ತದೆ. ಮೊದಲು ಪ್ಯಾನ್, ಮೊಬೈಲ್, ಈಮೇಲ್ ಕೊಟ್ಟು ತಾತ್ಕಾಲಿಕ ಪ್ರೊಫೈಲ್ ಮಾಡಿಕೊಳ್ಳಬೇಕು, ಆಮೇಲೆ ಎರಡೂ ಅರ್ಜಿ ತುಂಬಬಹುದು. ಪ್ಯಾನ್, ಆಧಾರ್, ಫೋಟೋ, ಜಾಗದ ಪುರಾವೆಗೆ ಲೈಟ್ ಬಿಲ್ ಅಥವಾ ಬಾಡಿಗೆ ಕರಾರು, ರದ್ದು ಮಾಡಿದ ಚೆಕ್ಕು, ಇವನ್ನು ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಮೊಬೈಲ್ ನಂಬರ್ ಮಾತ್ರ ನಿಮ್ಮದೇ ಕೊಡಿ, ಮಾಡಿಕೊಡುವವರದು ಕೊಡಬೇಡಿ. ನಮ್ಮಲ್ಲಿ ಹಳೆಯ ಲೆಕ್ಕದವರ ನಂಬರ್ ಇತ್ತು, ಅವರು ಬಿಟ್ಟು ಹೋದ ಮೇಲೆ ಒಟಿಪಿ ಸಿಗದೆ ಸುಮ್ನೆ ಎರಡು ತಿಂಗಳು ಒದ್ದಾಡಿದೆವು.

ನಮ್ಮ ಕಡೆಯವರಿಗೆ ಹೆಸರಿನದೇ ದೊಡ್ಡ ತೊಂದರೆ. ಮದುವೆಗೆ ಮುಂಚೆ ಕಲಬುರಗಿ ಕಡೆ ಮಾಡಿಸಿದ ಪ್ಯಾನ್‌ನಲ್ಲಿ ತಂದೆ ಹೆಸರು, ಇಲ್ಲಿ ಮಾಡಿಸಿದ ಆಧಾರ್‌ನಲ್ಲಿ ಗಂಡನ ಹೆಸರು ಮತ್ತು ಅಡ್ಡಹೆಸರು. ಅಕ್ಕಾ, ನಿಮ್ಮದೂ ಹಾಗಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಆಮೇಲೆ ಅರ್ಜಿ.

ನೋಂದಣಿ ಬಂದ ಮೇಲೆ ಜನ ಮರೆಯುವುದು ರಿಟರ್ನ್, ಅಂದರೆ ಪಿಟಿಆರ್‌ಸಿಯಲ್ಲಿ ಹಿಡಿದ ತೆರಿಗೆಯ ಲೆಕ್ಕ ಒಪ್ಪಿಸುವುದು. ಮೊದಲ ವರ್ಷ ತಿಂಗಳು ತಿಂಗಳೂ ಹಾಕಬೇಕು, ತಿಂಗಳ ಕೊನೆಯ ದಿನದ ಒಳಗೆ. ಆಮೇಲೆ ಹಿಂದಿನ ವರ್ಷದ ತೆರಿಗೆ ಒಂದು ಲಕ್ಷದ ಒಳಗಿದ್ದರೆ ವರ್ಷಕ್ಕೆ ಒಂದೇ ಸಲ, ಮಾರ್ಚ್ 31ರ ಒಳಗೆ. ಅದರಲ್ಲಿ ಮಾರ್ಚ್‌ನಿಂದ ಫೆಬ್ರುವರಿವರೆಗಿನ ಪಗಾರ ಬರುತ್ತದೆ, ಏಪ್ರಿಲ್‌ನಿಂದ ಅಲ್ಲ. ತಡವಾದರೆ 30 ದಿನದ ಒಳಗೆ 200, ಅದು ದಾಟಿದರೆ 1,000. ನಿಮ್ಮ ತಿಂಗಳ ತೆರಿಗೆಯೇ 375, ಅದಕ್ಕೆ 1,000 ಲೇಟ್ ಫೀ ಕಟ್ಟುವಾಗ ಹೊಟ್ಟೆ ಉರಿಯುತ್ತದೆ ನೋಡಿ.

ವಾರದ ಬಟವಾಡೆ ಅಥವಾ ನಗದ (ಪೀಸಿಗೆ ಇಷ್ಟು ಅನ್ನುವ) ಲೆಕ್ಕ ಇದ್ದವರು ತಿಂಗಳಿನದು ಕೂಡಿಸಿ ನೋಡಬೇಕು. ನಮ್ಮ ಮಗ್ಗದವರಿಗೆ ಒಂದು ತಿಂಗಳು 9,800 ಬಂದರೆ ಇನ್ನೊಂದು ತಿಂಗಳು 13,000 ಬರುತ್ತದೆ, ಹಾಗಾಗಿ ಒಮ್ಮೆ 175, ಒಮ್ಮೆ 200. ನಾನು ಹಾಜರಿ ಪುಸ್ತಕದಲ್ಲೇ ಪಕ್ಕಕ್ಕೆ ಒಂದು ಗೆರೆ ಎಳೆದು ಬರೆದಿಡುತ್ತೇನೆ. 65 ದಾಟಿದ ಹಿರಿಯರು ಕೆಲಸಕ್ಕಿದ್ದರೆ ಅವರದು ಹಿಡಿಯುವಂತಿಲ್ಲ, ವಯಸ್ಸಿನ ದಾಖಲೆ ತೆಗೆದಿಟ್ಟುಕೊಳ್ಳಿ.

ಜತ್, ಗೊಬ್ಬರ ಮತ್ತು ಬೀಜದ ಅಂಗಡಿ

ನಮ್ಮದು ಜತ್‌ನಲ್ಲಿ ಒಂದು, ಗಡಿಯಾಚೆ ವಿಜಯಪುರ ಜಿಲ್ಲೆಯಲ್ಲಿ ಒಂದು ಅಂಗಡಿ. ಕೆಲಸದವರು ಎರಡೂ ಕಡೆಯ ಹಳ್ಳಿಗಳಿಂದ ಬರುತ್ತಾರೆ. ಮನೆ ಎಲ್ಲಿದೆ ಅಂತ ನೋಡುವುದಿಲ್ಲ, ಎಲ್ಲಿ ಕೂತು ಕೆಲಸ ಮಾಡುತ್ತಾರೆ ಅಂತ ನೋಡುತ್ತಾರೆ. ಆಚೆಯ ಹಳ್ಳಿಯಿಂದ ದಿನಾ ಬಂದು ಜತ್‌ನಲ್ಲಿ ದುಡಿಯುವವನಿಗೆ ಮಹಾರಾಷ್ಟ್ರದ ದರ, ಈಚೆಯಿಂದ ಅಲ್ಲಿಗೆ ಹೋಗುವವನಿಗೆ ಕರ್ನಾಟಕದ್ದು. ಒಂದೇ ಪಗಾರ ತೆಗೆದುಕೊಳ್ಳುವ ಇಬ್ಬರಲ್ಲಿ ಒಬ್ಬನಿಗೆ ಕಡಿತ, ಇನ್ನೊಬ್ಬನಿಗೆ ಇಲ್ಲ. ಮೊದಲ ತಿಂಗಳು ಇದೇ ದೊಡ್ಡ ಜಗಳ ಆಯಿತು. ಇಬ್ಬರನ್ನೂ ಕೂರಿಸಿಕೊಂಡು ದರದ ಪಟ್ಟಿ ತೋರಿಸಿದೆ. ಅಕ್ಕಾರೆ, ನೀವೂ ಟೆಂಪೋದವನಿಗೆ ಮೊದಲೇ ತಿಳಿಸಿ ಹಿಡಿಯಿರಿ. ಹೇಳದೆ 200 ಕಮ್ಮಿ ಕೊಟ್ಟರೆ ಮನಸ್ಸು ಕೆಡುತ್ತದೆ.

ಗುಮಾಸ್ತಾ (ಅಂಗಡಿಯ ಲೈಸೆನ್ಸ್) ಇದೆ, ಅಷ್ಟು ಸಾಕು ಅಂದುಕೊಳ್ಳಬೇಡಿ. ಅದು ಬೇರೆ ಕಾಯ್ದೆ.

ಮಂಜೇಶ್ವರ, ಹೋಟೆಲ್

ಕಾಸರಗೋಡು ಕಡೆಯವರು ಇದನ್ನು ಓದಿ ಗಾಬರಿಯಾಗಬೇಡಿ, ನಮಗೆ ಈ ಪಿಟಿಆರ್‌ಸಿ ಎಲ್ಲ ಇಲ್ಲ. ಕೇರಳದಲ್ಲಿ ತೊಳಿಲ್ ನಿಗುದಿ ಪಂಚಾಯಿತಿಗೆ ಅಥವಾ ನಗರಸಭೆಗೆ ಹೋಗುತ್ತದೆ. ಆರು ತಿಂಗಳಿಗೊಮ್ಮೆ, ಜಾಸ್ತಿ ಅಂದರೆ ಒಬ್ಬರಿಗೆ 1,250. ಕೆಲಸದವರ ಪಟ್ಟಿ, ಪಗಾರ ಬರೆದು ಪಂಚಾಯಿತಿಗೆ ಕೊಡುತ್ತೇವೆ. ಅಕ್ಕಲಕೋಟೆಯ ಅಕ್ಕನಿಗೆ ಇದು ಉಪಯೋಗವಿಲ್ಲ, ನಮ್ಮ ಕಡೆಯವರಿಗೆ ಇರಲಿ ಅಂತ ಬರೆದೆ.

ಕೇಳಿದವಳು

ಎಲ್ಲರಿಗೂ ಬಹಳ ಉಪಕಾರವಾಯಿತು. ರಾತ್ರಿ ಕೂತು ಲೆಕ್ಕ ಹಾಕಿದೆ, 1,875 ನಾನೇ ತುಂಬುತ್ತೇನೆ. ಹಿಂದಿನದನ್ನು ಆ ಇಬ್ಬರ ಪಗಾರದಲ್ಲಿ ಹಿಡಿಯಲು ಮನಸ್ಸು ಬರುವುದಿಲ್ಲ, ತಿಳಿಯದೆ ಇದ್ದದ್ದು ನನ್ನ ತಪ್ಪು. ನವೆಂಬರ್‌ನಿಂದ ಹೇಳಿ ಹಿಡಿಯುತ್ತೇನೆ. ಪ್ಯಾನ್, ಆಧಾರ್ ಹೆಸರು ಪುಣ್ಯಕ್ಕೆ ಒಂದೇ ಇದೆ. ಆದರೆ ಲೈಟ್ ಬಿಲ್ ಮಾವನ ಹೆಸರಿನಲ್ಲಿದೆ, ಬಾಡಿಗೆ ಕರಾರು ಇಲ್ಲ. ನಡೆಯುತ್ತದಾ?

ಸೊಲ್ಲಾಪುರ, ಟವೆಲ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವಳು

ನನ್ನ ತಂಗಿಯದೂ ಹೀಗೇ ಇತ್ತು. 'ಜಾಗ ನನ್ನದು, ಸೊಸೆ ಇಲ್ಲಿ ವ್ಯಾಪಾರ ಮಾಡಲು ನನ್ನ ಒಪ್ಪಿಗೆ ಇದೆ' ಅಂತ ಅವಳ ಮಾವನಿಂದ ಬರೆಸಿ ಸಹಿ ಹಾಕಿಸಿ ಲೈಟ್ ಬಿಲ್ ಜೊತೆ ಸೇರಿಸಿದೆವು. ಅರ್ಜಿ ಪಾಸಾಯಿತು.